ಕೆಂಪು ಕಾರಿನ ರಿಪೇರಿ

ನೆಲಮಂಗಲ
12-3-1947

ಚಿ. ಸೌ. ಅನುಸೂಯಳಿಗೆ ಆಶೀರ್ವಾದಗಳು.

ನಿನ್ನ ಹೆರಿಗೆ ಸುಸೂತ್ರವಾಯಿತೆಂದು ನಿಮ್ಮಣ್ಣನ ಕಾಗದ ಬಂತು. ನಮ್ಮ ಮಗುವಿನ ನಾಮಕರಣಕ್ಕೆ ನನ್ನನ್ನು ಕಾಯಬೇಡ. ಕಾರಣ ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ, ಓದಿ ಒಲೆಗೆ ಹಾಕು.

ಸಾಹುಕಾರರು ಬಿಳಿ ದೊರೆಯೊಬ್ಬರಿಂದ ಕೊಂಡ ಕೆಂಪು ಓಟದ ಕಾರನ್ನು ಅವರ ಮಗ ಗೋಪಾಲ ಹುಣಸೇಮರಕ್ಕೆ ಗುದ್ದಿದ್ದನಲ್ಲ, ಅದರ ರಿಪೇರಿ ಮುಗಿದು ಹದಿನೈದು ದಿನವಾಯಿತು. ಇಂಜಿನ್ನು ಗುಡುಗಿದ ದಿನವೇ ಅವನ ತಾಯಿ ಅಮ್ಮಯಮ್ಮನವರು ಹಿತ್ತಲಿನ ಶೆಡ್ಡಿಗೆ ಬಂದರು.

"ಇರೋನು ಒಬ್ನೇ ಮಗ. ಒಂದ್ಸಲ ಹೆಂಗೋ ಉಳ್ಕೊಂಡವ್ನೆ, ಇನ್ನೊಂದ್ಸಲ ಉಳಿಯಲ್ಲ. ಅದು ಕೆಟ್ಟೇ ಇರ್ಲಿ ಕಣಪ್ಪ" ಎಂದು ನನಗೆ ಕೈ ಮುಗಿದರು.

ಅವರು ಹೋದ ಮೇಲೆ ಇಂಜಿನ್ನಿನಲ್ಲಿ ಕಿಡಿ ಹತ್ತಿಸುವ ಪುಟ್ಟ ತುಂಡೊಂದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಈಗ ರಿಪೇರಿ ಮುಗಿದಿಲ್ಲವೆಂದು ತೋರಿಸಲು ದಿನವೂ ಇಂಜಿನ್ನು ಬಿಚ್ಚುತ್ತೇನೆ, ಜೋಡಿಸುತ್ತೇನೆ. ನಾನು ಬಿಟ್ಟು ಬಂದರೆ ಸಾಹುಕಾರರು ಬೆಂಗಳೂರಿನಿಂದ ಬೇರೆ ಮೇಸ್ತ್ರಿಯನ್ನು ಕರೆಸುತ್ತಾರೆ. ಅವನಿಗೆ ಇದು ಅರ್ಧ ಗಂಟೆಯ ಕೆಲಸ. ಎಷ್ಟು ದಿನ ಹೀಗೆ ಎಂದು ಕೇಳಬೇಡ, ನನಗೂ ತಿಳಿಯದು.

ಒಂದು ಕಂಬಳಿ ಕಳಿಸು. ನೀನು ತಣ್ಣೀರು ಮುಟ್ಟಬೇಡ.

ನಿನ್ನೆ ಗೋಪಾಲನೇ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕುಳಿತ. "ಬೇಗ ಮುಗ್ಸಿ ಮೇಸ್ತ್ರಿ. ನಾನೇ ಇದ್ರಲ್ಲಿ ಕೂರಿಸ್ಕೊಂಡು ನಿಮ್ಮನ್ನ ಹೊಸಕೋಟೆಗೆ, ನಿಮ್ಮ ಹೆಂಡ್ತಿ ಹತ್ರ ಬಿಟ್ಬರ್ತೀನಿ. ಮಗು ಗಂಡಾ, ಹೆಣ್ಣಾ?" ಎಂದ.

ನಿಮ್ಮಣ್ಣ ಅದನ್ನು ಬರೆಯಲು ಮರೆತಿದ್ದಾರೆ. ಒಂದು ಕಾರ್ಡು ಹಾಕು.

ಇಂತಿ ನಿನ್ನ
ಸೊಣ್ಣಪ್ಪ