ಸೇವಂತಿಗೆ ಹೊಲದ ಮೇಲೆ ಬಿದ್ದ ನನ್ನ ದೀಪ

ಮಾನ್ಯ ನಗರ ಯೋಜನಾಧಿಕಾರಿಗಳೇ,

ತಾವು ನನ್ನ ಮಾತು ನಂಬಿ ಕೆಟ್ಟಿರಿ. ನಮ್ಮ ಬಡಾವಣೆಯ ಮಗ್ಗುಲಲ್ಲಿ ಸೇವಂತಿಗೆ ಬೆಳೆಯುವ ರೈತರೊಬ್ಬರಿಗೆ ತಮ್ಮ ಕಚೇರಿಯಿಂದ ನೋಟಿಸು ಹೋಗಿದೆ. ಮನೆಗಳ ಪಕ್ಕದಲ್ಲಿ ಗೊಬ್ಬರ ಹಾಕುವುದು, ಮೋಟಾರು ಓಡಿಸುವುದು, ಔಷಧಿ ಹೊಡೆಯುವುದು ಇವನ್ನೆಲ್ಲ ಏಕೆ ನಿಲ್ಲಿಸಬಾರದು, ವಿಚಾರಣೆಗೆ ಬಂದು ಕಾರಣ ಹೇಳಿ ಎಂದು ಅದರಲ್ಲಿದೆ. ಗೊಬ್ಬರ, ನೀರು, ಔಷಧಿ ಮೂರೂ ಇಲ್ಲದೆ ಮಾಡುವ ಬೇಸಾಯ ಯಾವುದೆಂದು ಮಾತ್ರ ತಿಳಿಸಿಲ್ಲ. ಆ ನೋಟಿಸಿಗೆ ಮೂಲವಾದ ದೂರನ್ನು ಬರೆದವನು ನಾನು. ಎತ್ತು ಈಯಿತು ಎಂದು ನಾನು ಬರೆದೆ, ಕೊಟ್ಟಿಗೆಗೆ ಕಟ್ಟಿ ಎಂದು ತಾವು ಸಹಿ ಹಾಕಿದಿರಿ.

ನನ್ನ ಮುಖ ತಮಗೆ ಗೊತ್ತಿರಲಾರದು, ನನ್ನ ಬರವಣಿಗೆ ಮಾತ್ರ ಚೆನ್ನಾಗಿಯೇ ಗೊತ್ತು. ತಮ್ಮ ಕಚೇರಿಯ ಗೇಟಿನ ಹೊರಗೆ, ಜೆರಾಕ್ಸ್ ಅಂಗಡಿಯ ತಗಡಿನ ಸೂರಿನಡಿ ಮೇಜು ಹಾಕಿಕೊಂಡು ಅರ್ಧ ಆಯುಷ್ಯ ಅರ್ಜಿ ಬರೆದವನು ನಾನು. ಬರೆಯಲು ಬಾರದವರ ಕಷ್ಟವನ್ನು ತಮ್ಮ ಗುಮಾಸ್ತರಿಗೆ ಅರ್ಥವಾಗುವ ಭಾಷೆಗೆ ತಿರುಗಿಸುವುದು ನನ್ನ ಕಸುಬು. ‘ಸಾರ್ವಜನಿಕರ ಹಿತದೃಷ್ಟಿಯಿಂದ’ ಎಂದರೆ ಕಡತ ಒಂದು ಮೇಜು ಮುಂದೆ ಹೋಗುತ್ತದೆ. ‘ವೃದ್ಧರು, ಮಹಿಳೆಯರು ಹಾಗೂ ಪುಟ್ಟ ಮಕ್ಕಳು’ ಎಂದರೆ ಎರಡು ಮೇಜು. ‘ಮುಂದಾಗುವ ಅನಾಹುತಕ್ಕೆ ತಾವೇ ಹೊಣೆ’ ಎಂಬ ಸಾಲಿದ್ದರೆ ಕಡತಕ್ಕೆ ಕಾಲು ಬಂದು ಅದೇ ಓಡುತ್ತದೆ. ಈ ವಿದ್ಯೆಯಿಂದ ಹೊಟ್ಟೆ ಹೊರೆದೆ, ಅದಕ್ಕೆ ನಾಚಿಕೆಯಿಲ್ಲ. ನಾಚಿಕೆ ಶುರುವಾದದ್ದು ಮೇಜು ಎತ್ತಿಟ್ಟು ಈ ಬಡಾವಣೆಗೆ ಬಂದ ಮೇಲೆ. ಇಲ್ಲಿ ನನ್ನನ್ನು ‘ಅರ್ಜಿ ಮೇಷ್ಟ್ರು’ ಎನ್ನುತ್ತಾರೆ. ಅದನ್ನು ಕೇಳಿ ನಾನು ಉಬ್ಬಿದ್ದೂ ಹೌದು.

ನಮ್ಮದು ಕಟ್ಟಕಡೆಯ ಮೂಲೆ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಕಾಂಪೌಂಡು, ಕಾಂಪೌಂಡಿನಾಚೆ ಸೇವಂತಿಗೆ. ನಡುವೆ ಒಂದು ಗಾಡಿ ಓಡಾಡುವಷ್ಟು ಜಾಗವನ್ನೂ ಬಿಡಿಸದೆ ತಾವು ನಕ್ಷೆಗೆ ಒಪ್ಪಿಗೆ ಕೊಟ್ಟಿರಿ. ಸೈಟು ಮಾರಿದವನು ಇದೇ ಹೊಲದ ಫೋಟೋ ಹಾಕಿ ‘ನಿತ್ಯ ಹೂವಿನ ನೋಟ’ ಎಂದು ಜಾಹೀರಾತು ಕೊಟ್ಟ. ನಾವೂ ಆ ನೋಟಕ್ಕೆ ಮರುಳಾಗಿಯೇ ಬಂದವರು. ಬಂದ ಮೇಲೆ ಹೂವಿನ ಬುಡಕ್ಕೆ ಕೋಳಿಗೊಬ್ಬರ ಹಾಕುತ್ತಾರೆಂದು ಗೊತ್ತಾಗಿ ಮೂಗು ಮುಚ್ಚಿಕೊಂಡೆವು. ನೋಟ ಬೇಕು, ನಾತ ಬೇಡ. ಹೂವಿನ ಯಜಮಾನರು, ಆ ರೈತರನ್ನು ನಾವೆಲ್ಲ ಕರೆಯುವುದು ಹಾಗೆಯೇ, ತಮ್ಮ ತಂದೆಯ ಕಾಲದಿಂದ ಅದೇ ಹೊಲದಲ್ಲಿ ಅದೇ ಬೆಳೆ ತೆಗೆಯುತ್ತಿದ್ದಾರೆ. ನಾವು ಬಂದದ್ದು ನಿನ್ನೆ ಮೊನ್ನೆ. ಆದರೂ ‘ಇವರು ಇಲ್ಲಿ ಯಾಕಿದ್ದಾರೆ’ ಎಂಬ ಪ್ರಶ್ನೆ ಹುಟ್ಟಿದ್ದು ನಮ್ಮ ಬಾಯಲ್ಲಿ!

ಹೊಲಕ್ಕೆ ಮುಳುವಾದ ಮೊದಲನೆಯ ಅರ್ಜಿ ದೀಪದ್ದು. ನನ್ನ ಸೊಸೆ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಸ್ಸಿಳಿದು ಬರುವ ರಸ್ತೆಯಲ್ಲಿ ಕತ್ತಲು, ಬೀದಿನಾಯಿಗಳು. ಒಂದು ಬೀದಿದೀಪ ಬೇಕು ಎಂದು ಬರೆದೆ. ಅದು ತಪ್ಪಲ್ಲ, ಇಂದಿಗೂ ಅಲ್ಲ ಎನ್ನುತ್ತೇನೆ. ಆದರೆ ನನ್ನ ಪೆನ್ನು ಸುಮ್ಮನಿರಬೇಕಲ್ಲ? ಕಳ್ಳಕಾಕರು, ವಿಷಜಂತು, ಮಹಿಳೆಯರ ಮಾನ ಪ್ರಾಣ ಎಂದೆಲ್ಲ ಸೇರಿಸಿದೆ. ಚರಂಡಿಗೆಂದು ಬರೆದ ನನ್ನ ಅರ್ಜಿಗಳು ತಮ್ಮಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವಾಗ, ಇದೊಂದಕ್ಕೆ ತಾವು ಕರ್ಣನಾದಿರಿ. ಕೇಳಿದ್ದು ಒಂದು ದೀಪ, ಕೊಟ್ಟದ್ದು ನಮ್ಮ ಮನೆಯೆದುರು, ಮನೆಗಿಂತ ಎತ್ತರದ ಕಂಬ, ಅದರ ತುದಿಗೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ದೊಡ್ಡ ದೀಪಗಳು. ಅದು ಮೊದಲು ಹೊತ್ತಿಕೊಂಡ ಸಂಜೆ ಬಡಾವಣೆಯವರು ನನ್ನ ಕೈಕುಲುಕಿದರು. ದೀಪದ ಮುಖಗಳಲ್ಲಿ ಎರಡು ಹೊಲದ ಕಡೆಗಿದ್ದವು. ಹೊಲದಲ್ಲಿ ಯಾರ ಸೊಸೆಯೂ ಬಸ್ಸಿಳಿಯುವುದಿಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಗೆಲುವಿನ ಅಮಲು ಇಳಿಯುವ ಮೊದಲೇ ಬಡಾವಣೆಯ ಸಂಘದವರು ಎರಡನೆಯದಕ್ಕೆ ಬಂದರು. ‘ಮೇಷ್ಟ್ರೇ, ಆ ಗೊಬ್ಬರದ ವಾಸನೆಗೂ ಒಂದು ಗತಿ ಕಾಣ್ಸಿ. ಬೆಳಗಾಗೋ ಮುಂಚೆ ಮೋಟಾರು ಬೇರೆ ಬಡ್ಕೊಳ್ಳುತ್ತೆ’ ಎಂದರು. ಕೂತು ಬರೆದೆ. ಸಸಿ ನೆಡುವ ಮುಂಚೆ ಒಂದಷ್ಟು ದಿನ ಬರುವ ವಾಸನೆಯನ್ನು ‘ವರ್ಷವಿಡೀ ಅಸಹನೀಯ ದುರ್ಗಂಧ’ ಮಾಡಿದೆ. ಹೊಲಕ್ಕೆ ಹೊಡೆಯುವ ಔಷಧಿಯಿಂದ ಮಕ್ಕಳಿಗೆ ಉಸಿರಾಟದ ತೊಂದರೆಯಾಗುತ್ತಿದೆ ಎಂದು ಬರೆದೆ. ಮಾನ್ಯರೇ, ನಮ್ಮ ಬೀದಿಯ ಮಕ್ಕಳು ಎಷ್ಟು ಆರೋಗ್ಯವಾಗಿದ್ದಾರೆಂದರೆ ಅವರ ಕಿರುಚಾಟಕ್ಕೆ ನಾನೇ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. ಬರೆದದ್ದನ್ನು ಜೋರಾಗಿ ಓದಿದಾಗ ಅಡುಗೆಮನೆಯಿಂದ ನನ್ನಾಕೆ ಕೇಳಿದಳು, ‘ಯಾವ ಮಗೂಗ್ರೀ ಕೆಮ್ಮು?’ ‘ಅರ್ಜಿ ಅಂದ್ಮೇಲೆ ಸ್ವಲ್ಪ ಒಗ್ಗರಣೆ ಬೇಕು ಕಣೇ’ ಎಂದೆ. ಕೊನೆಗೆ, ‘ದೂರುದಾರರ ಹೆಸರನ್ನು ಗೌಪ್ಯವಾಗಿಡಬೇಕು’ ಎಂದು ಸೇರಿಸಿದೆ. ಅದೊಂದನ್ನು ತಾವು ಅಚ್ಚುಕಟ್ಟಾಗಿ ಪಾಲಿಸಿದಿರಿ. ಮಕ್ಕಳು ಕೆಮ್ಮುತ್ತಾರೋ ಇಲ್ಲವೋ ಎಂದು ನೋಡಲು ಒಬ್ಬ ಜವಾನನನ್ನಾದರೂ ಕಳಿಸಬಹುದಿತ್ತಲ್ಲವೇ? ಕಳಿಸಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಹೂವಿನ ಕಾಲ ಬಂತು, ಹೂವು ಬರಲಿಲ್ಲ. ಗಿಡಗಳು ಹಸಿರಾಗಿ, ಸೊಂಪಾಗಿ, ಎತ್ತರಕ್ಕೆ ಬೆಳೆದು ನಿಂತಿದ್ದವು. ಒಂದು ಮೊಗ್ಗಿಲ್ಲ. ಸಸಿ ಕೊಟ್ಟವನು ಮೋಸ ಮಾಡಿದ ಎಂದು ಯಜಮಾನರು ನರ್ಸರಿಯವನೊಂದಿಗೆ ಜಗಳವಾಡಿ ಹಳೆಯ ಸ್ನೇಹ ಕಡಿದುಕೊಂಡರು. ನನ್ನಾಕೆ ಬಟ್ಟೆ ಒಣಹಾಕಲು ತಾರಸಿಗೆ ಹೋದವಳು ಅಲ್ಲಿಂದಲೇ ಕೂಗಿದಳು, ‘ಬನ್ನೀ ಇಲ್ಲಿ, ನೋಡಿ ಇದೇನು!’ ಇಡೀ ಹೊಲ ಹಸಿರು, ನಮ್ಮ ಕಾಂಪೌಂಡಿನ ಬುಡದಲ್ಲಿ ಮಾತ್ರ ಹಳದಿ. ಅದೂ ಎಲ್ಲೆಂದರಲ್ಲಿ ಅಲ್ಲ. ನಮ್ಮ ಮನೆಯ ಗೋಡೆಯಷ್ಟೇ ಅಗಲಕ್ಕೆ ಶುರುವಾಗಿ, ಹಿಗ್ಗುತ್ತ ಹೋಗಿ, ತುದಿಯಲ್ಲಿ ನೀರಿನ ಟ್ಯಾಂಕಿನ ಆಕಾರದ ಒಂದು ಉಬ್ಬು. ಬಡಾವಣೆಯವರೆಲ್ಲ ಬಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಪಾಳಿ ಮುಗಿಸಿ ಬಂದ ಸೊಸೆ ಕಂಬದ ಕಡೆ ಒಮ್ಮೆ, ಹೂವಿನ ಕಡೆ ಒಮ್ಮೆ ನೋಡಿ, ‘ಮಾವಾ, ಅದು ನಮ್ಮನೆ ನೆರಳು’ ಎಂದಳು. ರಾತ್ರಿಯ ಕತ್ತಲೆ ಉದ್ದವಾದಾಗಲೇ ಸೇವಂತಿಗೆ ಮೊಗ್ಗು ಕಟ್ಟುವುದು. ದೀಪ ಬಿದ್ದಲ್ಲಿ ಗಿಡಕ್ಕೆ ಇನ್ನೂ ಹಗಲು, ಎಲೆ ಬಿಡುತ್ತಲೇ ಇತ್ತು. ನಮ್ಮ ಮನೆ ಅಡ್ಡ ನಿಂತಲ್ಲಿ ಮಾತ್ರ ಕತ್ತಲು ಸಿಕ್ಕಿತ್ತು. ನನಗೆ ಅನ್ನ ಸೇರದ ದಿನಗಳು ಅಲ್ಲಿಂದ ಶುರುವಾದವು.

ಯಜಮಾನರಿಗೂ ತಿಳಿಯಿತು. ದೀಪ ನೋಡಿಕೊಳ್ಳುವ ಲೈನ್‌ಮ್ಯಾನನನ್ನು ಹಿಡಿದು, ಹೊಲದ ಕಡೆಯದನ್ನಾದರೂ ಆರಿಸಪ್ಪ ಎಂದು ಕೇಳಿದರಂತೆ. ‘ದೀಪ ಹಾಕಿ ಅಂತ ಅರ್ಜಿ ಇದೆ ಯಜಮಾನ್ರೇ, ತೆಗೀರಿ ಅಂತ ಯಾವ ಅರ್ಜೀನೂ ಇಲ್ಲ. ನಾನೇನ್ ಮಾಡ್ಲಿ?’ ಎಂದು ಅವನು ಬೈಕ್ ಹತ್ತಿದನಂತೆ. ಇದನ್ನು ಅವರೇ ಹೇಳಿದರು, ಮೊನ್ನೆ ನಮ್ಮ ಮನೆಗೆ ಬಂದಾಗ.

ಗೇಟಿನಲ್ಲಿ ಅವರನ್ನು ಕಂಡಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಬೈಯಲು ಬಂದರೆಂದೇ ಎಣಿಸಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರ ಕೈಯಲ್ಲಿ ಒಂದು ಬುಟ್ಟಿ ಹೂವು.

‘ಅಮ್ಮಾವ್ರಿಗೆ ಕೊಡಿ. ನಿಮ್ಮ ಮನೆ ಅಡ್ಡ ಇದ್ದದ್ದಕ್ಕೆ ಇಷ್ಟಾದ್ರೂ ಅರಳ್ತು. ಈ ಸಲ ನನ್ ಹೊಲದಲ್ಲಿ ಹೂವು ಅಂತ ಕಂಡದ್ದು ನಿಮ್ಮಿಂದಾನೇ ಮೇಷ್ಟ್ರೇ.’

ಒಳಗೆ ಕರೆದು ಕೂರಿಸಿದೆ. ಚಹಾ ಕುಡಿದು ಮುಗಿಸಿ ಅವರು ಬಂದ ಕೆಲಸ ಹೇಳಿದರು.

‘ನಿಮ್ಮ ಕೈಬರಹ ಹೋದ್ರೆ ಕೆಲಸ ಆಗುತ್ತಂತೆ. ನನಗೂ ಒಂದು ಅರ್ಜಿ ಬರ್ಕೊಡಿ. ಹೊಲಾನ ಸೈಟು ಮಾಡೋಕೆ ಅನುಮತಿ ಕೇಳ್ಬೇಕು.’

‘ಮಾರಿಬಿಡ್ತೀರಾ?’

‘ಮತ್ತಿನ್ನೇನು? ಒಂದ್ಕಡೆ ಹೂವಿಲ್ಲ, ಒಂದ್ಕಡೆ ನೋಟಿಸು. ಯಾರು ದೂರು ಕೊಟ್ರು ಅಂತ ಗೊತ್ತಾಗಿದ್ರೆ ಹೋಗಿ ಮಾತಾಡ್ತಿದ್ದೆ, ವಾಸನೆ ಬರೋ ದಿನ ಮೊದ್ಲೇ ಹೇಳ್ತೀನಿ ಅಂತಿದ್ದೆ. ಮುಖಾನೇ ಇಲ್ಲದವರ ಜೊತೆ ಏನಂತ ಮಾತಾಡೋದು? ನೀವಾದ್ರೂ ಹೇಳಿ.’

ನಾನು ಹೇಳಲಿಲ್ಲ. ಮಾನ್ಯರೇ, ಮುಖ ಅವರೆದುರಿಗೇ ಕೂತಿತ್ತು, ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡು. ‘ಬರ್ಕೊಡ್ತೀನಿ, ನಾಲ್ಕು ದಿನ ಬಿಟ್ಟು ಬನ್ನಿ’ ಎಂದೆ. ಅವರು ಹೋದ ಮೇಲೆ ನನ್ನಾಕೆ ಹೂವಿನ ಬುಟ್ಟಿಯನ್ನು ಮುಟ್ಟಲೇ ಇಲ್ಲ. ‘ಹೇಳಿದ್ರಾ?’ ಎಂದಳು. ‘ಇಲ್ಲ.’ ‘ಬರೆಯೋಕೆ ಬರುತ್ತೆ ನಿಮಗೆ, ಹೇಳೋಕೆ ಬರಲ್ಲ’ ಎಂದು ಒಳಗೆ ಹೋದಳು. ಸಂಘದವರಿಗೆ ವಿಷಯ ತಿಳಿಸಿದರೆ ಒಬ್ಬರು, ‘ಒಳ್ಳೇದೇ ಆಯ್ತು ಬಿಡಿ, ಅಲ್ಲೂ ಮನೆಗಳಾದ್ರೆ ವಾಸನೆ ಕಾಟ ತಪ್ಪುತ್ತೆ’ ಎಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಬೆಕ್ಕಿಗೆ ಹಾಲೆರೆದವನು ನಾನೇ ಎಂದು ತಲೆ ತಗ್ಗಿಸಿ ಬಂದೆ.

ಈಗ ತಮ್ಮನ್ನು ಕೇಳುತ್ತೇನೆ. ತಮ್ಮ ನಕ್ಷೆಯಲ್ಲಿ ಆ ಹೊಲಕ್ಕೆ ಹಸಿರು ಬಣ್ಣ ಬಳಿದಿದ್ದೀರಿ. ಆ ಬಣ್ಣದ ಅರ್ಥವೇನು? ಅಲ್ಲಿ ಬೇಸಾಯ ನಡೆಯಬೇಕು ಎಂದೇ, ಇಲ್ಲ ಅಲ್ಲಿ ಇನ್ನೂ ಯಾರೂ ಮನೆ ಕಟ್ಟಿಲ್ಲ ಎಂದೇ? ಬೇಸಾಯ ಎಂದಾದರೆ, ಅದಕ್ಕೆ ಅಂಟಿಕೊಂಡು ಮನೆ ಕಟ್ಟಲು ಒಪ್ಪಿಗೆ ಕೊಡುವಾಗ ನಡುವೆ ಒಂದು ಸಾಲು ಮರ ನೆಡಿಸಲು, ಒಂದು ಪಟ್ಟಿ ಜಾಗ ಬಿಡಿಸಲು ತಮ್ಮ ಕೈ ಹಿಡಿದವರು ಯಾರು? ಮೊದಲಿನಿಂದ ಇದ್ದವರು ಆಮೇಲೆ ಬಂದವರ ಮೂಗಿನ ಅಳತೆಗೆ ತಕ್ಕಂತೆ ಬದುಕಬೇಕೆಂದು ಯಾವ ಕಾನೂನಿನಲ್ಲಿದೆ? ಊರಿಗೆ ಹೂವು, ಸೊಪ್ಪು, ಹಾಲು ಬೇಕು. ಅದನ್ನು ಬೆಳೆಯುವವರು ಮಾತ್ರ ಕಣ್ಣಿಗೂ ಕಿವಿಗೂ ಮೂಗಿಗೂ ಬೀಳದಷ್ಟು ದೂರ ಇರಬೇಕು. ಆ ದೂರಕ್ಕೂ ನಾಳೆ ಇನ್ನೊಂದು ಬಡಾವಣೆ ಬರುತ್ತದೆ, ಅಲ್ಲಿಯೂ ನನ್ನಂಥ ಒಬ್ಬ ಅರ್ಜಿ ಬರೆಯುವವನಿರುತ್ತಾನೆ. ಆಮೇಲೆ ಬೆಳೆಯುವವರು ಎಲ್ಲಿಗೆ ಹೋಗಬೇಕು?

ದೀಪ ಕಿತ್ತುಹಾಕಿ ಎನ್ನುತ್ತಿಲ್ಲ. ನನ್ನ ಸೊಸೆ ಇಂದೂ ಆ ರಸ್ತೆಯಲ್ಲೇ ಬರುತ್ತಾಳೆ. ರಸ್ತೆಯ ಕಡೆಯವು ಉರಿಯಲಿ, ಹೊಲದ ಕಡೆಯ ಎರಡನ್ನು ಇವತ್ತೇ ಬಿಚ್ಚಿಸಿ. ಲೈನ್‌ಮ್ಯಾನ್ ಕೇಳಿದ ಅರ್ಜಿ ಇದೇ ಎಂದು ತಿಳಿಯಿರಿ. ಗೊಬ್ಬರ, ಮೋಟಾರು, ಮಕ್ಕಳ ಕೆಮ್ಮಿನ ಬಗ್ಗೆ ನಾನು ಬರೆದದ್ದು ಸುಳ್ಳು ಮತ್ತು ಅತಿಶಯೋಕ್ತಿ. ಆ ದೂರನ್ನು ಹಿಂದೆಗೆದುಕೊಂಡಿದ್ದೇನೆ, ನೋಟಿಸನ್ನು ರದ್ದುಮಾಡಿ. ಇನ್ನು ಮುಂದೆ ಹೊಲದ ಪಕ್ಕ ಸೈಟು ಕೊಳ್ಳುವ ಪ್ರತಿಯೊಬ್ಬರ ಪತ್ರದಲ್ಲೂ, ಪಕ್ಕದಲ್ಲಿ ಬೇಸಾಯವಿದೆ, ವಾಸನೆ ಬರುತ್ತದೆ, ಸದ್ದಾಗುತ್ತದೆ, ಒಪ್ಪಿಗೆಯಿದ್ದರೆ ಮಾತ್ರ ಕೊಳ್ಳಿ ಎಂದು ಬರೆಸಿ. ಯಜಮಾನರು ಸೈಟು ಮಾಡಲು ಅರ್ಜಿ ಹಾಕಿದರೆ, ಅದನ್ನು ಅವರು ಮನಸ್ಸಿನಿಂದ ಹಾಕಿದರೋ ನಾವು ಹಾಕಿಸಿದೆವೋ ಎಂದು ವಿಚಾರಿಸಿ. ಆ ಅರ್ಜಿಯನ್ನು ನಾನಂತೂ ಬರೆಯುವುದಿಲ್ಲ.

ಕೊನೆಯದು ನನಗೋಸ್ಕರ. ಎದುರಿಗೆ ಕೂತು ಹೇಳಲಾಗದ್ದನ್ನು ಇಲ್ಲಿ ಬರೆದು, ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆ ಯಜಮಾನರು ಇದನ್ನು ಓದುತ್ತಾರೆ. ಆಮೇಲೆ ನಮ್ಮ ಗೇಟು ತೆರೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಣೆಯನ್ನು ರದ್ದುಮಾಡಲು ತಮ್ಮ ನಿಯಮ ಒಪ್ಪದಿದ್ದರೆ, ಆ ದಿನ ದೂರುದಾರನ ಗುಟ್ಟು ಕಾಯಬೇಡಿ. ಕಚೇರಿಯ ವರಾಂಡದಲ್ಲಿ ಎಲ್ಲರಿಗೂ ಕೇಳುವಂತೆ ನನ್ನ ಹೆಸರು ಹಿಡಿದು ಕೂಗಿಸಿ. ನಾನು ಬಂದಿರುತ್ತೇನೆ. ಅವರು ಬೇಡ ಎನ್ನದಿದ್ದರೆ, ಅವರ ಪಕ್ಕದಲ್ಲೇ ನಿಂತಿರುತ್ತೇನೆ.

ಇಂತಿ,
ಬರೆದ ಅರ್ಜಿ ಗೆದ್ದದ್ದಕ್ಕೆ ಮೊದಲ ಸಲ ತಲೆ ತಗ್ಗಿಸಿದ
ಮೂಲೆ ಮನೆಯ ದೂರುದಾರ