ಹೊಸ ಗರಗಸ ಮತ್ತು ಯತೀಶ

೮ ಜನವರಿ, ಸೋಮವಾರ

ರೊಟ್ಟಿ ಆಯಿತು. ಅತ್ತೆಗೆ ಮಾತ್ರೆ ಕೊಟ್ಟೆ. ಶೆಡ್ ಗುಡಿಸುತ್ತಿದ್ದಾಗ ಹೊರಗೆ ಲಗೇಜ್ ಆಟೋ ಸದ್ದು — ಅಣ್ಣ ಚನ್ನೇಶ್. ಮಷೀನ್ ಬಂತು! ಸ್ಲೈಡಿಂಗ್ ಮೈಟರ್ ಸಾ, ಕರೆಂಟಿನ ಗರಗಸ. ಹಲಗೆ ಅಗಲವಾಗಿದ್ದರೂ ಗರಗಸದ ತಲೆಯೇ ಹಿಂದೆ ಮುಂದೆ ಜಾರಿ ಕತ್ತರಿಸುತ್ತದಂತೆ.

ಯತೀಶ ಶೆಡ್ಡಿನ ಬಾಗಿಲವರೆಗೆ ಬಂದ. ಪೆಟ್ಟಿಗೆ ನೋಡಿದ. "ಸೊರಬದಾಗೆ ಸ್ವಲ್ಪ ಕೆಲ್ಸ ಐತೆ" ಎಂದವನೇ ಬಸ್ ಸ್ಟ್ಯಾಂಡಿಗೆ ಹೊರಟ. ಸೊರಬದಲ್ಲಿ ಇಂದು ಯಾವ ಕೆಲಸವೂ ಇಲ್ಲ. ನನಗೆ ಗೊತ್ತು.

(ಗಂಡನ ಹೆಸರು ಹಿಡಿದು, ಏಕವಚನದಲ್ಲಿ ಬರೆಯುವುದು ಈ ಪುಸ್ತಕದಲ್ಲಿ ಮಾತ್ರ. ಬಾಯಲ್ಲಿ ಬರೀ 'ರೀ'.)

ಹೋದ ವರ್ಷ ಮಳೆಗಾಲದಲ್ಲಿ ಯತೀಶನ ಎಡಗೈಯ ಎರಡು ಬೆರಳು ಹೋದವು, ಕೂಲಿಗೆ ಹೋಗುತ್ತಿದ್ದ ವರ್ಕ್‌ಶಾಪಿನಲ್ಲಿ. ಅಂದಿನಿಂದ ಬರೀ ಪಾಲಿಶ್, ಬರೀ ಉಜ್ಜುವ ಕೆಲಸ. ಈಗ ಸೊರಬದ ಹೂವಮ್ಮನವರ ಸಂಘ ಜೇನು ಪೆಟ್ಟಿಗೆ ಕೇಳಿದೆ. ಒಪ್ಪಿಕೊಂಡವನು ಅವನೇ. ಆದರೆ ಕೈಗರಗಸ ಹಿಡಿದರೆ ಎಡಗೈಗೆ ಹಲಗೆ ನಿಲ್ಲುವುದಿಲ್ಲ. ಮೊನ್ನೆ ಸೊಟ್ಟ ಕತ್ತರಿಸಿದ ಹಲಗೆಗಳನ್ನು ನಾನು ಕಾಣಬಾರದೆಂದು ಹಂಡೆ ಒಲೆಗೆ ಹಾಕಿದ್ದ. ಕಂಡೆ. ಅದಕ್ಕೇ ಅಣ್ಣನಿಗೆ ಫೋನ್ ಮಾಡಿದ್ದು.

೯ ಜನವರಿ, ಮಂಗಳವಾರ

ನಾನೇ ಬಿಚ್ಚಿದೆ. ಹಳೇ ಬೆಂಚು ಅಲ್ಲಾಡುತ್ತಿತ್ತು, ಕಾಲಿಗೆ ಅಡ್ಡಪಟ್ಟಿ ಹೊಡೆದೆ. ಜೊತೆಗೆ ಬಂದ ಪುಸ್ತಕದಲ್ಲಿ ಕನ್ನಡ ಬಿಟ್ಟು ಎಲ್ಲ ಭಾಷೆ ಇದೆ. ಚಿತ್ರ ನೋಡಿ ಬೋಲ್ಟ್ ಹಾಕತೊಡಗಿದೆ.

ಯತೀಶ ಹೊಸ್ತಿಲ ಆಚೆಗೇ ಕೂತು ಸ್ಟೂಲು ಉಜ್ಜುತ್ತಿದ್ದ. ಒಳಗೆ ಕಾಲಿಡಲಿಲ್ಲ. ಇದ್ದಕ್ಕಿದ್ದಂತೆ —

"ಪ್ಲಗ್ ತೆಗ್ದೀಯೇನು?"

"ಹೂಂ ರೀ, ಹಾಕೇ ಇಲ್ಲ."

"ಎಲ್ಲೈತೆ, ತೋರ್ಸು."

ಎತ್ತಿ ತೋರಿಸಿದೆ.

"ಕೈಯಾಗೇ ಇಟ್ಕ."

"ಇದನ್ನ ಹಿಡ್ಕಂಡು ಬೋಲ್ಟ್ ಹೆಂಗ್ರೀ ಬಿಗೀಲಿ?"

"ಹಂಗಾದ್ರೆ ಇತ್ತ ಕೊಡು."

ನಾನು ಕೆಲಸ ಮುಗಿಸುವ ತನಕ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲಲ್ಲೇ ಕೂತಿದ್ದ. ಮಷೀನಿನಿಂದ ಅವನವರೆಗೆ ಕರಿ ವಯರ್. ಎತ್ತಿನ ಹಗ್ಗ ಹಿಡಿದು ಕೂತ ಹಾಗೆ! ನಗು ಬಂತು. ಅವನೂ ನಕ್ಕ. ಎಷ್ಟು ದಿನವಾಗಿತ್ತು ಅವನು ಶೆಡ್ಡಿನ ಹತ್ತಿರ ನಕ್ಕು…

೧೦ ಜನವರಿ

ಇಂದು ನೇರ ನೋಡುವ ಕೆಲಸ. ಜೇನು ಪೆಟ್ಟಿಗೆಯ ಮೂಲೆ ಕೂಡದೆ ಸಂದಿ ಉಳಿದರೆ ಇರುವೆ ನುಗ್ಗುತ್ತವೆ, ಜೇನುಹುಳ ಮನೆ ಬಿಟ್ಟು ಹಾರುತ್ತವೆ ಎಂದಿದ್ದರು ಹೂವಮ್ಮ. ಗರಗಸದ ತಲೆ ಕೆಳಗಿಳಿಸಿ, ನೇರ ಅಳೆಯುವ ಮೂಲೆಮಟ್ಟ ತಂದು ಬ್ಲೇಡಿಗೆ ಹಚ್ಚಿದೆ.

"ಹಲ್ಲಿಗೆ ತಾಗಿಸ್ಬ್ಯಾಡ. ಹಲ್ಲು ದಪ್ಪ ಇರ್ತಾವೆ, ಸುಳ್ಳು ಹೇಳ್ತಾವೆ. ಹಲ್ಲು ತಪ್ಸಿ ಬ್ಲೇಡಿನ ತಟ್ಟೆಗೆ ಹಚ್ಚು" — ಹೊಸ್ತಿಲಿಂದ.

ಹಚ್ಚಿದೆ. ಅಡಿಯಲ್ಲಿ ಕೂದಲೆಳೆಯಷ್ಟು ಬೆಳಕು ತೂರಿ ಬರುತ್ತಿತ್ತು. ಹೊಸ ಮಷೀನೂ ಸೊಟ್ಟ! ಅವನು ಹೇಳಿದ ಸ್ಕ್ರೂ ಸಡಿಲಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ನೋಡಿ… ಬೆಳಕು ಮಾಯವಾಯಿತು. ಹಲಗೆ ಆನಿಸುವ ಹಿಂದಿನ ಪಟ್ಟಿಯನ್ನೂ ಹಾಗೇ ನೇರ ಮಾಡಿದೆ.

"ಗಾರ್ಡ್ ತಾನಾಗೇ ಮುಚ್ಕಂತೈತೇನು? ತಲೆ ಇಳ್ಸಿ ಮ್ಯಾಲಕ್ಕೆ ಬಿಡು."

ಬಿಟ್ಟೆ. ಟಪ್ ಎಂದು ಗಾರ್ಡ್ ಬಂದು ಹಲ್ಲುಗಳನ್ನು ಮುಚ್ಚಿತು. ಯತೀಶ ಸ್ಟೂಲು ಪಕ್ಕಕ್ಕಿಟ್ಟ.

"ಆ ವರ್ಕ್‌ಶಾಪಿನಾಗೆ ಇದನ್ನ ತಂತಿಯಿಂದ ಮ್ಯಾಲಕ್ಕೆ ಕಟ್ಟಿದ್ರು. ಗೆರೆ ಕಾಣಂಗಿಲ್ಲ, ಕೆಲ್ಸ ತಡ ಆಗ್ತೈತೆ ಅಂತ. ನಾನು ಸ್ವಿಚ್ ಬಿಟ್ಟಿದ್ದೆ. ಬ್ಲೇಡ್ ಇನ್ನೂ ತಿರುಗ್ತಿತ್ತು. ತುಂಡು ತೆಗೆಯಾಕೆ ಕೈ ಹಾಕ್ದೆ…"

ಅಷ್ಟೇ. ಇಷ್ಟು ದಿನದಲ್ಲಿ ಮೊದಲ ಸಲ ಹೇಳಿದ್ದು. ಹೋಗಿ ಪಕ್ಕದಲ್ಲಿ ಕೂತೆ. ಸ್ಟೂಲಿನ ಒಂದು ಕಾಲು ನಾನು ಉಜ್ಜಿದೆ, ಒಂದು ಅವನು.

೧೨ ಜನವರಿ, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ನಾನೇ ಮೊದಲು ಕತ್ತರಿಸುವೆ ಎಂದು ಹಠ. ಜಡೆ ಮೇಲಕ್ಕೆ ಕಟ್ಟಿದೆ, ದುಪಟ್ಟಾ ಬಿಚ್ಚಿಟ್ಟೆ, ಬಳೆ ತೆಗೆದೆ. ಅತ್ತೆ ಬಂದು, "ಶುಕ್ರವಾರ ಬರಿಗೈಯಾಗೆ ಇರ್ತೀಯೇನೇ!" ಎಂದರು. ಬಳೆ ಬ್ಲೇಡಿಗೆ ಸಿಕ್ಕರೆ ಕೈಯನ್ನೂ ಎಳೆಯುತ್ತದೆ ಎಂದೆ. ಅತ್ತೆ ಮಗನ ಕೈ ನೋಡಿದರು. ಬಳೆ ಇಸಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡರು.

ಕನ್ನಡಕ ಹಾಕಿದೆ. ಹಲಗೆ ಅಲ್ಲಾಡದಂತೆ ಕ್ಲಾಂಪ್ ಬಿಗಿದೆ. ಸ್ವಿಚ್ ಒತ್ತಿ ತಲೆ ಇಳಿಸಿದೆ — ಹಿಂದಿನ ತುದಿಯಲ್ಲೇ. ಇಳಿಸಿ ನನ್ನ ಕಡೆ ಎಳೆದೆ. ತಪ್ಪು ಅದೇ: ಮೊದಲು ಎಳೆದುಕೊಂಡು, ಆಮೇಲೆ ಇಳಿಸಿ, ಹಿಂದಕ್ಕೆ ನೂಕಬೇಕಿತ್ತು. ಬ್ಲೇಡ್ ಹಲಗೆ ಹತ್ತಿ ಮೈಮೇಲೆ ನುಗ್ಗಿ ಬಂದಂತಾಯಿತು. ಬೆಂಚೇ ಕುಣಿಯಿತು. ಕ್ಲಾಂಪ್ ಹಿಡಿದಿತ್ತು, ಕೈ ದೂರ ಇತ್ತು, ಏನೂ ಆಗಲಿಲ್ಲ. ಆದರೆ ಯತೀಶ — ಹೊಸ್ತಿಲು ದಾಟಿ ಒಳಗೆ ಬಂದಿದ್ದ. ಪ್ಲಗ್ ಕಿತ್ತು ನಿಂತಿದ್ದ.

"ನಿಂಗೇನಾರ ಆಗಿದ್ರೆ! ನಾಳೆನೇ ನಿಮ್ಮಣ್ಣಂಗೆ ವಾಪಸ್ ಕಳ್ಸು ಇದನ್ನ!"

"ಕಳ್ಸಲ್ಲ."

"ನನ್ ಕೈ ಹೋಗಿದ್ದು ಸಾಲದೇನು?"

"ಹೊಸ್ತಿಲಾಗೆ ಕೂತು ಎಷ್ಟು ದಿನ ಉಜ್ತೀರಿ? ನಿಮ್ ಕೈ ಅಷ್ಟೇ ಹೋಗಿದ್ದು. ನೀವು ಹೋಗಿಲ್ವಲ್ಲ!"

ಹಾಗೆ ಅನ್ನಬಾರದಿತ್ತೇನೋ. ಹೊರಟು ಹೋದ.

೨೦ ಜನವರಿ, ಶನಿವಾರ

ಸಂಕ್ರಾಂತಿ ಬಂದು ಹೋಯಿತು. ಎಳ್ಳು-ಬೆಲ್ಲ ಕೊಡುವಾಗಲೂ ಮಾತಿಲ್ಲ. ಶೆಡ್ಡಿಗೆ ಬೀಗ. ಬರೆಯಲು ಮನಸ್ಸಾಗಲಿಲ್ಲ.

ಇಂದು ಸೊರಬಕ್ಕೆ ಹೋದೆ. ಪೆಟ್ಟಿಗೆ ಆಗುವುದಿಲ್ಲ ಎಂದು ಎದುರು ಕೂತೇ ಹೇಳಿಬಿಡೋಣ ಎಂದು. ಹೂವಮ್ಮ ಚಾ ಕೊಟ್ಟರು. ಹೇಳಲು ಬಾಯಿ ತೆರೆಯುವ ಮೊದಲೇ ಅವರೇ,

"ನಿನ್ನ ಗಂಡ ನಿನ್ನೆ ಫೋನ್ ಮಾಡಿದ್ದ ಮಾರಾಯ್ತಿ. ಒಳಗಿನ ಅಳತೆ ಮತ್ತೊಂದು ಸಲ ಕೇಳಿ ಬರ್ಕಂಡ. ತಡ ಆದ್ರೂ ಅಡ್ಡಿಲ್ಲ ಅಂದೆ. ಅಲ್ಲ, ನಿಂಗೆ ಹೇಳ್ಲಿಲ್ವನಾ?"

ಹೇಳಬೇಕೆಂದು ಬಂದದ್ದನ್ನು ಬಿಟ್ಟು, ಚಾ ಕುಡಿದು ಬಸ್ ಹತ್ತಿದೆ.

ಸಂಜೆ ಶಿಕಾರಿಪುರದಲ್ಲಿ ಇಳಿದು ಮನೆಗೆ ಬಂದರೆ ಶೆಡ್ಡಿನ ಬಾಗಿಲು ಅರ್ಧ ತೆರೆದಿದೆ. ಕಿಟಕಿಯಿಂದ ನೋಡಿದೆ. ಪ್ಲಗ್ ಗೋಡೆಯ ಮೊಳೆಗೆ ನೇತುಹಾಕಿದ್ದ. ಕರೆಂಟಿಲ್ಲದ ಮಷೀನಿನ ಮುಂದೆ ನಿಂತು ತಲೆಯನ್ನು ತನ್ನ ಕಡೆ ಎಳೆದುಕೊಳ್ಳುವುದು, ಇಳಿಸುವುದು, ಹಿಂದಕ್ಕೆ ನೂಕುವುದು. ನಿಲ್ಲುವುದು. ಮತ್ತೆ ಮೊದಲಿಂದ. ಬ್ಲೇಡಿನ ಎರಡೂ ಪಕ್ಕ ಗೇಣು ದೂರದಲ್ಲಿ ಕೆಂಪು ಪೇಂಟಿನ ಗೆರೆ ಎಳೆದಿದ್ದ, ಕೈ ಅದರೊಳಗೆ ಬರಬಾರದು ಅಂತ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬರೀ ಗಾಳಿ ಕತ್ತರಿಸಲು ಅಷ್ಟು ಬೆವರು.

ಒಳಗೆ ಹೋಗಿ ತಬ್ಬಿಕೊಳ್ಳೋಣ ಅನ್ನಿಸಿತು. ಹೋಗಲಿಲ್ಲ. ಸದ್ದಿಲ್ಲದೆ ಹಿಂದಿನ ಬಾಗಿಲಿಂದ ಮನೆ ಸೇರಿ, ಅವನಿಗಿಷ್ಟದ ಮೆಂತ್ಯ ಪಲ್ಯ ಮಾಡಿದೆ. ಎರಡು ಸಲ ಹಾಕಿಸಿಕೊಂಡ. ಅತ್ತೆ ನನ್ನ ಮುಖ, ಅವನ ಮುಖ ನೋಡಿ ಸುಮ್ಮನೆ ನಕ್ಕರು.

೨೩ ಜನವರಿ, ಮಂಗಳವಾರ

ತಿಂಡಿ ತಿಂದವನೇ, "ಸ್ಪಂದನ, ಸ್ವಲ್ಪ ಬಾ. ಸ್ವಿಚ್‌ಬೋರ್ಡ್ ಹತ್ರ ನಿಂತ್ಕ" ಎಂದ. ಹೋದೆ.

ಕ್ಲಾಂಪ್ ಬಿಗಿದು, ಅಲ್ಲಾಡಿಸಿ ನೋಡಿದ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಗರಗಸದ ತಲೆಯನ್ನು ತನ್ನ ಕಡೆ ಎಳೆದುಕೊಂಡ. ಸ್ವಿಚ್. ಬ್ಲೇಡ್ ಪೂರಾ ವೇಗಕ್ಕೆ ಬರಲು ಬಿಟ್ಟ. ಇಳಿಸಿದ. ಹಿಂದಕ್ಕೆ ನೂಕಿದ, ಮಗು ಮಲಗಿದ ತೊಟ್ಟಿಲು ನೂಕುವಷ್ಟು ನಿಧಾನ. ಸ್ವಿಚ್ ಬಿಟ್ಟ. ಗರಗಸ ಎತ್ತಲಿಲ್ಲ. ಸದ್ದು ಇಳಿಯುತ್ತಾ ಇಳಿಯುತ್ತಾ… ಪೂರ್ತಿ ನಿಂತಿತು. ಆಮೇಲೂ ಸ್ವಲ್ಪ ಕಾದ. ಆಮೇಲೆ ಎತ್ತಿದ.

ಎರಡು ತುಂಡುಗಳಲ್ಲಿ ಒಂದನ್ನು ಮಗುಚಿ, ಕತ್ತರಿಸಿದ ತುದಿಗಳನ್ನು ಕೂಡಿಸಿ ಬೆಳಕಿಗೆ ಹಿಡಿದ. ಸೊಟ್ಟ ಇದ್ದರೆ ಬಾಯಿ ಬಿಟ್ಟುಕೊಳ್ಳುತ್ತದೆ. ಬಿಡಲಿಲ್ಲ. ಒಂದೇ ಹಲಗೆಯಂತೆ ಕೂತಿತು.

"ನೋಡ್ದ್ಯೇನು?"

"ನೋಡ್ದೆ."

ಮೊನ್ನೆ ಕಿಟಕಿಯಿಂದ ನೋಡಿದ್ದನ್ನೂ ಸೇರಿಸಿಯೇ ಹಾಗೆಂದೆ. ಕಣ್ಣಿಗೆ ಮರದ ಹುಡಿ ಬಿತ್ತು ಎಂದು ಮುಖ ಒರೆಸಿಕೊಂಡೆ. ನಾನು ನಿಂತದ್ದು ಅಷ್ಟು ದೂರ. ಹುಡಿ ಅಲ್ಲಿಯವರೆಗೆ ಬರುತ್ತದೆಯೇ? ಅವನಿಗೆ ತಿಳಿಯಿತು.

೪ ಫೆಬ್ರವರಿ, ಭಾನುವಾರ

ಸೊರಬದಿಂದ ಈಗ ಬಂದೆವು. ಪೆಟ್ಟಿಗೆಗಳು ತಲುಪಿದವು. ಹೂವಮ್ಮ ಒಂದಕ್ಕೆ ಆಗಲೇ ಹುಳ ಇಳಿಸಿಬಿಟ್ಟರು. ಬೆರಳ ತುದಿಯಿಂದ ಮೂಲೆಗಳನ್ನೆಲ್ಲ ತಡವಿ, "ಇರುವೆಗೂ ಜಾಗ ಇಟ್ಟಿಲ್ಲ ನೋಡು ಪುಣ್ಯಾತ್ಮ" ಎಂದರು.

ಯತೀಶ ಬಗ್ಗಿ ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಹಚ್ಚಿದ. ಎಡಗೈ. ಜನರ ಎದುರು ಯಾವಾಗಲೂ ಜೇಬಲ್ಲೇ ಇರುತ್ತಿದ್ದ ಕೈ. "ಒಳಗೆ ಗುಂಯ್ ಅಂತೈತೆ, ಮುಟ್ಟು" ಎಂದು ನನ್ನ ಕೈ ಎಳೆದು ಅದರ ಪಕ್ಕ ಇಟ್ಟ. ಹೂವಮ್ಮ ಇದ್ದರು, ಸಂಘದವರೆಲ್ಲ ಇದ್ದರು. ಅವನು ಕೈ ತೆಗೆಯಲಿಲ್ಲ, ನಾನೂ.

ಬಸ್ಸಿನಲ್ಲಿ, ಕಿಟಕಿ ಕಡೆ ನೋಡುತ್ತಾ ಹೇಳಿದ — "ಮುಂದಿನ ಪೆಟ್ಟಿಗೆ ಹಲಗೆ ನೀನು ಕೊಯ್ಯಿ. ನಾನು ಹೇಳ್ಕೊಡ್ತೀನಿ. ಬೋರ್ಡ್ ಹತ್ರ ನಾನಿರ್ತೀನಿ."

"ಹೆದ್ರಿಕೆ ಆಗಲ್ವೇನ್ರೀ?"

"ಆಗ್ತೈತೆ. ಆದ್ರೂ."

೫ ಫೆಬ್ರವರಿ, ಬೆಳಗ್ಗೆ

ಅತ್ತೆ ಇಂದು ತಾವೇ ಒಲೆ ಮುಂದೆ ಕೂತಿದ್ದಾರೆ, "ನೀ ಶೆಡ್ಡಿಗೆ ಹೋಗು" ಎಂದು. ಬಳೆ ಆಗಲೇ ಬಿಚ್ಚಿ ಅವರ ಕೈಗೆ ಕೊಟ್ಟೆ. ಶೆಡ್ಡಿನಿಂದ ಕೂಗುತ್ತಿದ್ದಾನೆ — "ಬರ್ತೀಯೇನೇ? ಹಲಗೆ ಇಟ್ಟೀನಿ, ಕ್ಲಾಂಪ್ ನೀನೇ ಬಿಗಿ!" ಬಂದೆ ರೀ ಎಂದೆ. ಉಳಿದದ್ದು ಬಂದ ಮೇಲೆ ಬರೆ—