ಚಿಕ್ಕ ಕಟ್ಟಿನೊಳಗಿನ ನೀಲಿ ದಾರ

ಪ್ರವೇಶ ವಿಭಾಗದ ಮೇಡಂ ಅವರಿಗೆ,

ಎರಡನೇ ಮಹಡಿ ಗುಡಿಸುವವಳ ನಮಸ್ಕಾರ. ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತಂಗಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾಳೆ. "ನೂರು ಜನಕ್ಕೆ ನಾಲ್ಕೇ ಸೀಟು ಅಕ್ಕ, ನಂಗೆ ಸಿಗುತ್ತಾ ಹೇಳು" ಎಂದು ದಿನಾ ಕೇಳುತ್ತಾಳೆ, ಸೀಟು ಹಂಚುವವಳು ನಾನೇ ಅನ್ನುವ ಹಾಗೆ. ನಿನ್ನೆ ನಿಮ್ಮ ಮೇಜು ಒರೆಸುವಾಗ ಅವಳ ಅರ್ಜಿ ಕಂಡಿತು. ಅದರ ನೀಲಿ ದಾರ ಕಟ್ಟಿದ್ದು ನಾನೇ. ದೊಡ್ಡ ಕಟ್ಟಿನಲ್ಲಿ ಮೇಲಿನಿಂದ ಮೂರನೆಯದಾಗಿತ್ತು. ಪಕ್ಕದಲ್ಲಿ ಚಿಕ್ಕ ಕಟ್ಟೊಂದಿತ್ತು. ಆಯ್ಕೆಯಾಗುವವರು ಕಡಿಮೆ, ಹಾಗಾದರೆ ಚಿಕ್ಕದೇ ಅವರದು ಎಂದುಕೊಂಡು ಅವಳದನ್ನು ಅದರೊಳಗೆ ಸೇರಿಸಿಬಿಟ್ಟೆ.

ಇವತ್ತು ಬೆಳಿಗ್ಗೆ ಜವಾನ ಅಣ್ಣನನ್ನು ಸುಮ್ಮನೆ ಕೇಳುವವಳಂತೆ ಕೇಳಿದೆ. "ಚಿಕ್ಕದಾ? ಅದು ವಾಪಸ್ ಕಳಿಸೋದು ಕಣಮ್ಮ. ದೊಡ್ಡದನ್ನ ಮೇಡಂ ಇನ್ನೂ ಓದೇ ಇಲ್ಲ" ಎಂದರು. ಆಗಿನಿಂದ ಒಂದೇ ಮೆಟ್ಟಿಲನ್ನು ಮೂರು ಸಲ ಗುಡಿಸಿದ್ದೇನೆ. ಈಗ ಕಟ್ಟುಗಳು ಬೀರುವಿನಲ್ಲಿವೆ, ಬೀಗದ ಕೈ ನಿಮ್ಮ ಹತ್ತಿರ ಇದೆ. ಚಿಕ್ಕದು ಇವತ್ತೇ ಹನ್ನೊಂದು ಗಂಟೆಗೆ ಅಂಚೆಗೆ ಹೋಗುತ್ತದಂತೆ.

ಸೀಟು ಕೊಡಿ ಎನ್ನುವುದಿಲ್ಲ. ಅವಳದನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಸರದಿ ಬಂದಾಗ ಓದಿ. ಅವಳಿಗೆ ಇದೇನೂ ಗೊತ್ತಿಲ್ಲ. ನನ್ನನ್ನು ಕೆಲಸದಿಂದ ತೆಗೆದರೂ ಸರಿ.

ಇವತ್ತು ನಿಮ್ಮ ಮೇಜು ಒರೆಸಿಲ್ಲ, ಕೈ ಹಾಕಲು ಧೈರ್ಯ ಬರಲಿಲ್ಲ. ಈ ಕಾಗದ ಇಟ್ಟು ಬಾಗಿಲ ಹೊರಗೇ ನಿಂತಿರುತ್ತೇನೆ.

ಇಂತಿ,
ನೀಲಿ ದಾರದವಳ ಅಕ್ಕ